ಎರಡೂವರೆ ತೊಲ ಉಣ್ಣೆ

ಪ್ರಶ್ನೆ: ಯೆಹೂದಿಗಳ ಒಂದು ಹಳೆಯ ಹಬ್ಬದ ಪುಸ್ತಕದ ಚಿತ್ರಗಳನ್ನು ಈಚೆಗೆ ಇಂಟರ್‌ನೆಟ್ಟಿನಲ್ಲಿ ನೋಡಿದೆ. ಹಿಂದೆಲ್ಲ ಚಿನ್ನ ಬಳಿದ ಚೌಕಗಳು. ಅದರಲ್ಲಿ ಅಣ್ಣಂದಿರು ಸೇರಿ ತಮ್ಮನನ್ನು ಗುಂಡಿಗೆ ಹಾಕುತ್ತಾರೆ, ಆಮೇಲೆ ರಕ್ತ ಹಚ್ಚಿದ ಅಂಗಿಯನ್ನು ಅಪ್ಪನಿಗೆ ತೋರಿಸುತ್ತಾರೆ. ಅಪ್ಪ ಒಬ್ಬ ಮಗನನ್ನೇ ಜಾಸ್ತಿ ಮುದ್ದು ಮಾಡಿದ್ದಕ್ಕೆ ಹೀಗಾಯಿತು ಅಂತ ಕತೆ. ಮನೆಯ ಮಾನ ಹೋಗುವಂಥ ಸಂಗತಿಯನ್ನು ಮಕ್ಕಳೂ ಕೂತು ನೋಡುವ ಹಬ್ಬದ ಪುಸ್ತಕದಲ್ಲಿ ಯಾಕೆ ಬರೆಸಿದರು? ಅವರ ಕಲೆಯ ಪ್ರಕಾರ ತಪ್ಪು ಯಾರದು? ಅಪ್ಪನದಾ, ಅಣ್ಣಂದಿರದಾ? ನಾವು ಮೂವರು ಅಕ್ಕತಂಗಿಯರು, ನಾನು ನಡುವಿನವಳು. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಡುವಿನವಳು ಅಂದಿರಲ್ಲ, ಹಾಗಾದರೆ ಈ ಚಿತ್ರಗಳನ್ನು ನೀವು ನನಗಿಂತ ಚೆನ್ನಾಗಿ ನೋಡಬಲ್ಲಿರಿ. ನಾನು ಮನೆಗೆ ಒಬ್ಬನೇ ಮಗ. ಅಣ್ಣನಿಗೆ ಗಿಡ್ಡವಾದ ಅಂಗಿ ತೊಟ್ಟು ಶಾಲೆಗೆ ಹೋದವನಲ್ಲ. ಹೋಳಿಗೆ ಎಣಿಸಿ ಜಗಳ ಆಡಿದವನೂ ಅಲ್ಲ.

ನೀವು ನೋಡಿದ್ದು ‘ಗೋಲ್ಡನ್ ಹಗ್ಗಾದಾ’ ಇರಬೇಕು. ಸುಮಾರು 1320ರಲ್ಲಿ ಸ್ಪೇನಿನ ಕ್ಯಾಟಲೋನಿಯಾದಲ್ಲಿ ತಯಾರಾದ ಕೈಬರಹದ ಪುಸ್ತಕ ಅದು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹಗ್ಗಾದಾ ಅಂದರೆ ಪಸ್ಕ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕೂತು ಓದುವ ಪುಸ್ತಕ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದವರು ಬಿಡುಗಡೆಯಾಗಿ ಬಂದ ಕತೆ. ಅವತ್ತು ಮಕ್ಕಳು ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಹೇಳಬೇಕು. ಮಕ್ಕಳು ನಿದ್ದೆ ಹೋಗದ ಹಾಗೆ ನೋಡಿಕೊಳ್ಳುವುದೂ ಆ ರಾತ್ರಿಯ ಕೆಲಸವೇ. ಈ ಪುಸ್ತಕದಲ್ಲಿ ಓದುವ ಪಾಠಕ್ಕೂ ಮೊದಲು ಬರೀ ಚಿತ್ರಗಳ ಪುಟಗಳು ಬರುತ್ತವೆ. ಒಟ್ಟು 14 ಪುಟ, ಒಂದೊಂದು ಪುಟಕ್ಕೆ ನಾಲ್ಕು ಚೌಕ.

ಇಲ್ಲೊಂದು ತಮಾಷೆ ಇದೆ. ಯೋಸೇಫ ಅಂದರೆ ಅಣ್ಣಂದಿರು ಗುಂಡಿಗೆ ಹಾಕಿದ ಆ ತಮ್ಮ, ಆಮೇಲೆ ಮಾರಾಟವಾಗಿ ಐಗುಪ್ತ ಸೇರಿದವನು. ಅಪ್ಪನ ಹೆಸರು ಯಾಕೋಬ. ಹಗ್ಗಾದಾದ ಪಾಠದಲ್ಲಿ ಯೋಸೇಫನ ಅಂಗಿಯ ಸುದ್ದಿಯೇ ಇಲ್ಲ. ‘ನನ್ನ ಪೂರ್ವಜ ಐಗುಪ್ತಕ್ಕೆ ಇಳಿದುಹೋದ’ ಅಂತ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಯಾಕೆ ಹೋದ, ಆ ಮನೆಯಲ್ಲಿ ಏನಾಗಿತ್ತು, ಅದೆಲ್ಲ ಇಲ್ಲ. ಚಿತ್ರ ಬರೆಸಿದವರು ಮಾತ್ರ ಆ ಭಾಗ ಬಿಡಲಿಲ್ಲ. ಕನಸು ಹೇಳುವ ಹುಡುಗ, ಮುಖ ಕೆಡಿಸಿಕೊಂಡ ಅಣ್ಣಂದಿರು, ಗುಂಡಿ, ಅಂಗಿ, ಎಲ್ಲವನ್ನೂ ಸಾಲಾಗಿ ಮುಂದಿಟ್ಟರು. ಪಾಠ ನುಂಗಿಕೊಂಡದ್ದನ್ನು ಚಿತ್ರ ಹೇಳುತ್ತದೆ.

ಯಾಕೆ ಅನ್ನುವುದಕ್ಕೆ ಉತ್ತರ ತಾಲ್ಮೂದಿನಲ್ಲಿದೆ. ಯೆಹೂದಿ ಪಂಡಿತರ ಚರ್ಚೆಗಳ ದೊಡ್ಡ ಸಂಗ್ರಹ ಅದು. ಅಲ್ಲಿ ರಾವ್ ಎಂಬ ಗುರುವಿನ ಹೆಸರಿನಲ್ಲಿ ಒಂದು ಮಾತು ಬರುತ್ತದೆ: ಮಕ್ಕಳ ನಡುವೆ ಒಬ್ಬನನ್ನು ಬೇರೆ ಮಾಡಿ ನೋಡಬೇಡಿ. ಯಾಕೋಬ ಉಳಿದ ಮಕ್ಕಳಿಗಿಂತ ಯೋಸೇಫನಿಗೆ ಎರಡು ಸೆಲಾ ತೂಕದ ನಯವಾದ ಉಣ್ಣೆ ಹೆಚ್ಚಿಗೆ ಕೊಟ್ಟ. ಅಷ್ಟಕ್ಕೇ ಅಣ್ಣಂದಿರಿಗೆ ಹೊಟ್ಟೆಕಿಚ್ಚು ಹತ್ತಿತು. ಅದು ಉರುಳಿ ಉರುಳಿ ನಮ್ಮ ಹಿರಿಯರು ಐಗುಪ್ತಕ್ಕೆ ಹೋಗುವ ಹಾಗಾಯಿತು.

ಸೆಲಾ ಅನ್ನುವುದು ಒಂದು ಬೆಳ್ಳಿ ನಾಣ್ಯ. ಎರಡು ಸೆಲಾ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ತೊಲ. ಅಂಗೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗದಷ್ಟು ಉಣ್ಣೆ. ಗುಲಾಮಗಿರಿಗೆ ಕಾರಣ ಹುಡುಕುತ್ತಾ ಹೋದ ಆ ಗುರುಗಳು ಐಗುಪ್ತದ ರಾಜ ಫರೋಹನ ಹತ್ತಿರ ನಿಲ್ಲಲಿಲ್ಲ. ಇನ್ನೂ ಹಿಂದಕ್ಕೆ ಹೋಗಿ ಒಬ್ಬ ಅಪ್ಪ ಬಟ್ಟೆ ಹಂಚಿದ ದಿನಕ್ಕೆ ಬಂದು ನಿಂತರು. ಅಂಗಿ ಇಲ್ಲದಿದ್ದರೆ ಐಗುಪ್ತ ಇಲ್ಲ. ಐಗುಪ್ತ ಇಲ್ಲದಿದ್ದರೆ ಬಿಡುಗಡೆಯ ಹಬ್ಬವೂ ಇಲ್ಲ. ಹಾಗಿರುವಾಗ ಹಬ್ಬದ ಪುಸ್ತಕದಲ್ಲಿ ಆ ಅಂಗಿ ಇರಲೇಬೇಕಲ್ವಾ?

ಊಟದ ಮೇಜಿನ ಮೇಲೂ ಅದು ಇದೆ. ಹಬ್ಬದ ರಾತ್ರಿ ಶುರುವಿನಲ್ಲೇ ಸೊಪ್ಪನ್ನೋ ತರಕಾರಿಯನ್ನೋ ಉಪ್ಪುನೀರಿನಲ್ಲಿ ಅದ್ದಿ ತಿನ್ನುತ್ತಾರೆ. ಅದಕ್ಕೆ ಕರ್ಪಸ್ ಅಂತ ಹೆಸರು. ಉಪ್ಪುನೀರು ಗುಲಾಮರ ಕಣ್ಣೀರು ಅಂತ ಮಕ್ಕಳಿಗೆ ಹೇಳಿಕೊಡುತ್ತಾರೆ. ಆದರೆ ಫ್ರಾನ್ಸಿನ ದಕ್ಷಿಣದಲ್ಲಿ ನಾರ್ಬೋನ್ ಅಂತ ಒಂದು ಊರಿದೆ. ಅಲ್ಲಿನ ಮನೋವಾಖ್ ಎಂಬ ಪಂಡಿತರು ಬೇರೆಯೇ ಅರ್ಥ ಹೇಳಿದರು. ಯೋಸೇಫನ ಅಂಗಿಗೆ ಹೀಬ್ರೂವಿನಲ್ಲಿ ‘ಕೆತೋನೆತ್ ಪಸ್ಸೀಮ್’ ಅನ್ನುತ್ತಾರೆ. ರಾಶಿ ಎಂಬ ಹೆಸರಾಂತ ವ್ಯಾಖ್ಯಾನಕಾರರು ಈ ‘ಪಸ್ಸೀಮ್’ ಪದವನ್ನು ಬೈಬಲ್ಲಿನ ಇನ್ನೊಂದು ಕಡೆ ಬಟ್ಟೆಯ ಹೆಸರಾಗಿ ಬರುವ ‘ಕರ್ಪಸ್’ ಜೊತೆ ಇಟ್ಟು ನೋಡಿದ್ದರು. ಮನೋವಾಖ್ ಅದೇ ದಾರಿ ಹಿಡಿದು, ಈ ಸೊಪ್ಪು ಯೋಸೇಫನ ಅಂಗಿಯ ನೆನಪಿಗೆ ಅಂದರು. ಅಣ್ಣಂದಿರು ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿದ್ದರಲ್ಲ, ಹಾಗೇ ಇಲ್ಲಿ ಸೊಪ್ಪು ಅದ್ದುವುದು. ಮನೋವಾಖ್ ಇದ್ದದ್ದು 13ನೇ ಶತಮಾನದ ಕೊನೆ, 14ರ ಮೊದಲು. ನೀವು ನೋಡಿದ ಪುಸ್ತಕದ ಕಾಲವೂ ಅದರ ಆಸುಪಾಸಿನದೇ, ಊರೂ ಬಹಳ ದೂರದ್ದಲ್ಲ. ಆ ಸೀಮೆಯ ಜನರಿಗೆ ಹಬ್ಬ ಅಂದಾಗ ಅಂಗಿ ನೆನಪಾಗುವುದು ಹೊಸದೇನಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಅಂಗಿಯ ಬಗ್ಗೆಯೇ ಇನ್ನೊಂದು ಮಾತು. ಎಲ್ಲರೂ ‘ಬಣ್ಣಬಣ್ಣದ ಅಂಗಿ’ ಅನ್ನುತ್ತಾರೆ. ಅದು ಹಳೆಯ ಗ್ರೀಕ್ ಅನುವಾದದಿಂದ ಬಂದದ್ದು. ಹೀಬ್ರೂ ಪದಕ್ಕೆ ಉದ್ದ ತೋಳಿನ ನಿಲುವಂಗಿ ಅನ್ನುವ ಅರ್ಥವನ್ನೂ ಹೇಳುತ್ತಾರೆ. ಅದೇ ಪದ ಬೈಬಲ್ಲಿನಲ್ಲಿ ಇನ್ನೊಬ್ಬರ ಮೈಮೇಲೆ ಬರುತ್ತದೆ. ದಾವೀದ ರಾಜನ ಮಗಳು ತಾಮಾರಳ ಮೈಮೇಲೆ. ಮದುವೆಯಾಗದ ರಾಜಕುಮಾರಿಯರು ತೊಡುತ್ತಿದ್ದ ಬಟ್ಟೆ ಅಂತ ಅಲ್ಲಿ ಬಿಡಿಸಿ ಹೇಳಿದೆ. ಕುರಿ ಕಾಯುವ ಮನೆಯಲ್ಲಿ ಹದಿನೇಳರ ಹುಡುಗನಿಗೆ ಅಂಥ ಬಟ್ಟೆ ತೊಡಿಸಿದರೆ ಏನರ್ಥ? ಇವನು ಮೈ ಮುರಿದು ದುಡಿಯಬೇಕಿಲ್ಲ ಅಂತ. ಉಳಿದವರು ಹಟ್ಟಿಯ ಸಗಣಿ ಬಾಚುವಾಗ ಇವನೊಬ್ಬ ರೇಷ್ಮೆ ಜುಬ್ಬಾ ಹಾಕಿಕೊಂಡು ನಿಂತ ಹಾಗೆ. ಬಣ್ಣ ಎಷ್ಟಿದ್ದರೇನು, ಉರಿ ಹತ್ತಿದ್ದು ಅದಕ್ಕಲ್ಲ.

ತಪ್ಪು ಯಾರದು ಅಂತ ಕೇಳಿದಿರಿ. ಪಂಡಿತರ ಮಾತು ಕೇಳಿದರೆ ಬೊಟ್ಟು ಅಪ್ಪನ ಕಡೆಗೇ ತೋರಿಸುತ್ತದೆ. ಹಾಗಂತ ಅಣ್ಣಂದಿರನ್ನು ಅವರೇನೂ ಸುಮ್ಮನೆ ಬಿಡುವುದಿಲ್ಲ. ಒಡಹುಟ್ಟಿದವನನ್ನು ಇಪ್ಪತ್ತು ಬೆಳ್ಳಿ ಕಾಸಿಗೆ ಮಾರಿದವರು ಅವರು. ಆದರೆ ಚಿತ್ರಗಳಲ್ಲಿ ಇದನ್ನು ಹುಡುಕುವಾಗ ಮುಖ ನೋಡಬೇಡಿ. ಆ ಕಾಲದ ಮುಖಗಳು ಹೆಚ್ಚು ಬಾಯಿ ಬಿಡುವುದಿಲ್ಲ. ನಾನು ಪಾಠ ಮಾಡುವಾಗ ಹುಡುಗರಿಗೆ ಹೇಳುವುದು ಎರಡೇ: ಕೈ ನೋಡಿ, ಬಟ್ಟೆ ನೋಡಿ.

ಕೈಯಿಂದಲೇ ಶುರು ಮಾಡೋಣ. ಯಾಕೋಬನಿಗೂ ಒಂದು ಹಿಂದಿನ ಕತೆ ಇದೆ. ಅವನ ಅಪ್ಪ ಇಸಾಕನಿಗೆ ದೊಡ್ಡ ಮಗ ಏಸಾವನ ಮೇಲೆ ಪ್ರೀತಿ, ಯಾಕೆಂದರೆ ಅವನು ಬೇಟೆಯ ಮಾಂಸ ತಂದು ಕೊಡುತ್ತಿದ್ದ. ಅಮ್ಮ ರೆಬೆಕ್ಕಳಿಗೆ ಚಿಕ್ಕವನೇ ಮುದ್ದು. ಅಪ್ಪನ ಕಣ್ಣು ಮಂಜಾದ ಮೇಲೆ ಅಮ್ಮನೇ ಚಿಕ್ಕವನ ಕೈಗೆ ಆಡಿನ ಚರ್ಮ ಸುತ್ತಿ ಕಳಿಸಿದಳು. ಅಪ್ಪ ತಡವಿ ನೋಡಿದ. ರೋಮ ಸಿಕ್ಕಿತು. ಏಸಾವನೇ ಅಂದುಕೊಂಡು ಹಿರಿಮಗನ ಆಶೀರ್ವಾದವನ್ನು ಇವನಿಗೆ ಕೊಟ್ಟುಬಿಟ್ಟ. ಏಸಾವ ಬಂದು ‘ಅಪ್ಪಾ, ನನಗೂ ಆಶೀರ್ವಾದ ಮಾಡು’ ಅಂತ ಅತ್ತದ್ದು ಓದಿದರೆ ಈಗಲೂ ಕರುಳು ಚುರ್ ಅನ್ನುತ್ತದೆ. ಆಡಿನ ಚರ್ಮದಿಂದ ಅಪ್ಪನಿಗೆ ಮೋಸ ಮಾಡಿದವನಿಗೆ ಮುಂದೆ ಅವನ ಮಕ್ಕಳೇ ಆಡಿನ ರಕ್ತದಿಂದ ಮೋಸ ಮಾಡಿದರು. ಈ ಲೆಕ್ಕ ಪಂಡಿತರ ಕಣ್ಣು ತಪ್ಪಿಲ್ಲ. ಗೋಲ್ಡನ್ ಹಗ್ಗಾದಾದಲ್ಲಿ ಇಸಾಕನನ್ನು ಅವನ ಅಪ್ಪ ಅಬ್ರಹಾಮ ಬಲಿಗೆ ಕಟ್ಟುವುದು ಮತ್ತು ಮುದುಕನಾದ ಇಸಾಕ ಮಗನಿಗೆ ಆಶೀರ್ವಾದ ಮಾಡುವುದು ಒಂದೇ ಪುಟದಲ್ಲಿವೆ. ಕಟ್ಟಿಸಿಕೊಂಡ ಮಗ ಅದೇ ಪುಟ ಮುಗಿಯುವಷ್ಟರಲ್ಲಿ ಮೋಸಹೋದ ಅಪ್ಪ ಆಗಿರುತ್ತಾನೆ.

ಯಾಕೋಬನೂ ಮುದುಕನಾಗುತ್ತಾನೆ. ಅವನ ಕಣ್ಣೂ ಮಂಜಾಗುತ್ತದೆ. ಯೋಸೇಫ ತನ್ನ ಇಬ್ಬರು ಮಕ್ಕಳನ್ನು ಅಜ್ಜನ ಮುಂದೆ ನಿಲ್ಲಿಸುತ್ತಾನೆ. ಹಿರಿಯ ಮನಸ್ಸೆಯನ್ನು ಅಜ್ಜನ ಬಲಗೈ ಕಡೆಗೆ, ಕಿರಿಯ ಎಫ್ರಾಯೀಮನನ್ನು ಎಡಗೈ ಕಡೆಗೆ. ಅಜ್ಜ ಕೈಗಳನ್ನು ಅಡ್ಡಡ್ಡ ಮಾಡಿ ಬಲಗೈಯನ್ನು ಕಿರಿಯನ ತಲೆಯ ಮೇಲಿಡುತ್ತಾನೆ. ಯೋಸೇಫನಿಗೆ ಸಿಟ್ಟು ಬರುತ್ತದೆ. ಕೈ ಸರಿಸಲು ನೋಡುತ್ತಾನೆ. ಅಜ್ಜ ಹೇಳುವುದು ಇಷ್ಟೇ: ‘ಗೊತ್ತು ಮಗನೇ, ಗೊತ್ತು.’

ಈ ಅಡ್ಡಗೈಯ ಚಿತ್ರ ಸಿರಿಯಾದ ದೂರಾ ಯೂರೋಪೋಸ್‌ನಲ್ಲಿದೆ. ಯೂಫ್ರೆಟಿಸ್ ನದಿಯ ದಂಡೆಯ ಹಳೆಯ ಊರು. ಅಲ್ಲಿನ ಯೆಹೂದಿ ಪ್ರಾರ್ಥನಾಮಂದಿರದ ಗೋಡೆಗಳಿಗೆ ಕ್ರಿ.ಶ. 244-45ರ ಹೊತ್ತಿಗೆ ಚಿತ್ರ ಬರೆಸಿದ್ದರು. ಹತ್ತು ಹನ್ನೆರಡು ವರ್ಷದಲ್ಲೇ ಪರ್ಷಿಯಾದ ಸೈನ್ಯ ಬಂತು. ಕೋಟೆ ಗೋಡೆ ಗಟ್ಟಿ ಮಾಡಲು ಊರವರು ಪಕ್ಕದ ಕಟ್ಟಡಗಳಿಗೆ ಮಣ್ಣು ತುಂಬಿದರು. ಊರು ಉಳಿಯಲಿಲ್ಲ, ಮಣ್ಣಿನೊಳಗೆ ಚಿತ್ರಗಳು ಉಳಿದವು. 1932ರಲ್ಲಿ ಅಗೆದು ತೆಗೆದರು. ಈಗ ಡಮಾಸ್ಕಸ್‌ನ ಮ್ಯೂಸಿಯಮ್ಮಿನಲ್ಲಿವೆ. ಯೆಹೂದಿಗಳು ಮನುಷ್ಯರ ಚಿತ್ರ ಬರೆಯುವುದೇ ಇಲ್ಲ ಅಂತ ನಂಬಿದ್ದವರೆಲ್ಲ ಅವತ್ತು ಬೆಚ್ಚಿಬಿದ್ದರು.

ಯಾಕೋಬನ ಚಿತ್ರ ಎಲ್ಲಿದೆ ಅಂದರೆ, ತೋರಾದ, ಅಂದರೆ ಯೆಹೂದಿಗಳ ಧರ್ಮಗ್ರಂಥದ, ಸುರುಳಿ ಇಡುವ ಗೂಡಿನ ಮೇಲ್ಗಡೆ. ನಮ್ಮ ದೇವಸ್ಥಾನದಲ್ಲಿ ಗರ್ಭಗುಡಿಯ ಬಾಗಿಲ ಮೇಲಿನ ಜಾಗ ಇದ್ದ ಹಾಗೆ. ಪ್ರಾರ್ಥನೆಗೆ ನಿಂತವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಅಲ್ಲಿ ಮುದುಕ ಮಂಚದ ಮೇಲೆ ಒರಗಿ ಹನ್ನೆರಡು ಮಕ್ಕಳನ್ನು ಹರಸುವುದು ಒಂದು ಚಿತ್ರ. ಅದರ ಪಕ್ಕದಲ್ಲೇ ಮೊಮ್ಮಕ್ಕಳ ತಲೆಯ ಮೇಲೆ ಕೈ ಅಡ್ಡಡ್ಡ ಇಟ್ಟ ಇನ್ನೊಂದು ಚಿತ್ರ. ಮನೆಯ ಮಾನ ಮುಚ್ಚಿಡಬೇಕು ಅನ್ನುವವರು ಇದನ್ನು ಅಲ್ಲಿ ಬರೆಸುತ್ತಿರಲಿಲ್ಲ.

ಡಚ್ ಚಿತ್ರಕಾರ ರೆಂಬ್ರಾಂಟ್ ಕೂಡ 1656ರಲ್ಲಿ ಇದೇ ಸಂದರ್ಭ ಬರೆದಿದ್ದಾನೆ. ಅವನು ಯೆಹೂದಿ ಅಲ್ಲ, ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಕೇರಿಯಲ್ಲಿ ಮನೆ ಮಾಡಿಕೊಂಡಿದ್ದವನು. ಜರ್ಮನಿಯ ಕಾಸೆಲ್‌ನಲ್ಲಿರುವ ಆ ಚಿತ್ರದಲ್ಲಿ ಅಜ್ಜನ ಕೈಗಳು ಅಡ್ಡವಾಗಿಲ್ಲ. ಯೋಸೇಫನ ಮುಖದಲ್ಲಿ ಸಿಟ್ಟಿಲ್ಲ. ಬಹಳ ಸುಂದರ ಚಿತ್ರ, ಒಪ್ಪುತ್ತೇನೆ. ಆದರೆ ನನಗೆ ದೂರಾದ ಒರಟು ಗೆರೆಯ ಅಡ್ಡಗೈಗಳೇ ಜಾಸ್ತಿ ಇಷ್ಟ. ಕತೆಯ ಮುಳ್ಳನ್ನು ಕಿತ್ತಿಲ್ಲ ಅಲ್ಲಿ.

ಇನ್ನು ಬಟ್ಟೆ. ದೂರಾದ ಅದೇ ಗೋಡೆಯಲ್ಲಿ ಗೂಡಿನ ಒಂದು ಬದಿಗೆ ಪ್ರವಾದಿ ಸಮುವೇಲ ಮುಂದಿನ ರಾಜ ಇವನೇ ಅಂತ ದಾವೀದನ ತಲೆಗೆ ಎಣ್ಣೆ ಎರೆಯುವ ಚಿತ್ರವಿದೆ. ಅಣ್ಣಂದಿರೆಲ್ಲ ಸಾಲಾಗಿ ನಿಂತಿದ್ದಾರೆ, ಎಲ್ಲರೂ ನೇರ ನಮ್ಮನ್ನೇ ನೋಡುತ್ತಾರೆ. ಯಾರ ಮುಖದಲ್ಲೂ ಏನೂ ಇಲ್ಲ. ದಾವೀದ ಯಾರು ಅಂತ ಗೊತ್ತಾಗುವುದು ಅವನು ಹೊದ್ದ ರಾಜರ ನೇರಳೆ ಬಟ್ಟೆಯಿಂದ. ಕುರಿ ಕಾಯಲು ಹೋಗಿದ್ದ ಕೊನೆಯ ಮಗನನ್ನು ಅಪ್ಪ ಕರೆಯಲೂ ಮರೆತಿದ್ದ. ಇದು ಯೋಸೇಫನ ಕತೆಯ ತಿರುವುಮುರುವು. ಮುಂದೆ ರಣರಂಗದಲ್ಲಿ ದೊಡ್ಡಣ್ಣ ಎಲೀಯಾಬ ಇವನನ್ನು ಕಂಡು ‘ಆ ನಾಲ್ಕು ಕುರಿ ಯಾರ ಹತ್ತಿರ ಬಿಟ್ಟು ಬಂದೆಯೋ’ ಅಂತ ಹಂಗಿಸುತ್ತಾನೆ. ಆ ಸಿಟ್ಟು ಹುಟ್ಟಿದ್ದು ಎಲ್ಲಿ ಅಂತ ಈ ಬಟ್ಟೆಯ ಬಣ್ಣ ನೋಡಿದರೆ ಸಾಕು.

ಗೂಡಿನ ಇನ್ನೊಂದು ಬದಿಗೆ ಮೊರ್ದೆಕೈ, ಬೈಬಲ್ಲಿನ ಎಸ್ತೇರಳ ಕತೆಯಲ್ಲಿ ಬರುವ ಯೆಹೂದಿ. ಪರ್ಷಿಯಾದ ರಾಜನ ಉಡುಪು ತೊಟ್ಟು ಬಿಳಿ ಕುದುರೆ ಏರಿ ಬರುತ್ತಿದ್ದಾನೆ. ಇವನಿಗೂ ಯೋಸೇಫನಿಗೂ ಏನು ಸಂಬಂಧ? ಕೇಳಿ. ಐಗುಪ್ತದಲ್ಲಿ ದೊಡ್ಡ ಮನುಷ್ಯನಾದ ಮೇಲೆ ಯೋಸೇಫ ಅಣ್ಣಂದಿರಿಗೆಲ್ಲ ಒಂದೊಂದು ಜೊತೆ ಬಟ್ಟೆ ಕೊಟ್ಟ, ಒಡಹುಟ್ಟಿದ ತಮ್ಮ ಬೆನ್ಯಾಮೀನನಿಗೆ ಮಾತ್ರ ಐದು ಜೊತೆ. ತಾಲ್ಮೂದಿನವರು ಬಿಡುತ್ತಾರಾ? ತಾನು ಯಾವುದರಿಂದ ಅಷ್ಟು ನೊಂದನೋ ಅದೇ ತಪ್ಪನ್ನು ಇವನೂ ಮಾಡುವುದಾ ಅಂತ ನೇರವಾಗಿ ಕೇಳಿದರು. ಮತ್ತೆ ಅದೇ ಎರಡು ಸೆಲಾ ಉಣ್ಣೆಯ ಮಾತು ಎತ್ತಿದರು. ಕೊಟ್ಟ ಉತ್ತರ ಇದು: ಬೆನ್ಯಾಮೀನನ ವಂಶದಲ್ಲಿ ಮುಂದೆ ಒಬ್ಬ ಹುಟ್ಟುತ್ತಾನೆ, ಐದು ರಾಜವಸ್ತ್ರ ತೊಟ್ಟು ಅರಮನೆಯಿಂದ ಹೊರಗೆ ಬರುತ್ತಾನೆ, ಅದರ ಸೂಚನೆ ಅದು. ಆ ಒಬ್ಬನೇ ಮೊರ್ದೆಕೈ. ನನ್ನ ಕೇಳಿದರೆ ಉತ್ತರ ಸ್ವಲ್ಪ ಜಾಣತನದ್ದೇ. ಪ್ರಶ್ನೆ ಮಾತ್ರ ತುಂಬ ಪ್ರಾಮಾಣಿಕವಾದದ್ದು.

ಅಮ್ಮಂದಿರ ಪಾಲೂ ಇದೆ. ಇಸ್ರೇಲಿನ ಬೇತ್ ಆಲ್ಫಾದಲ್ಲಿ 6ನೇ ಶತಮಾನದ ಒಂದು ಮಂದಿರದ ನೆಲದಲ್ಲಿ ಬಣ್ಣದ ಕಲ್ಲುಚೂರು ಕೂಡಿಸಿ ಮಾಡಿದ ಚಿತ್ರವಿದೆ. 1928ರ ಕೊನೆಯಲ್ಲಿ ಗದ್ದೆಗೆ ನೀರಿನ ಕಾಲುವೆ ತೋಡುತ್ತಿದ್ದವರಿಗೆ ಸಿಕ್ಕಿತು. ಅಬ್ರಹಾಮ ಮಗನನ್ನು ಬಲಿ ಕೊಡಲು ಹೊರಟ ಕತೆ. ಒಂದು ತುದಿಗೆ ಉರಿಯುವ ಬಲಿಪೀಠ, ನಡುವೆ ಅಬ್ರಹಾಮ, ಅವನ ಕೈಯಲ್ಲಿ ಪುಟ್ಟ ಇಸಾಕ. ಇನ್ನೊಂದು ತುದಿಗೆ ಕತ್ತೆ ಹಿಡಿದುಕೊಂಡ ಇಬ್ಬರು ಆಳುಗಳು. ಅಬ್ರಹಾಮ, ಇಸಾಕ ಅಂತ ಹೆಸರು ಬರೆದಿದ್ದಾರೆ. ಆಳುಗಳಿಗೆ ಹೆಸರಿಲ್ಲ.

ಅಬ್ರಹಾಮನಿಗೆ ಇನ್ನೊಬ್ಬ ಮಗ ಇದ್ದ, ದಾಸಿ ಹಾಗರಳ ಮಗ ಇಷ್ಮಾಯೇಲ. ಇಸಾಕನ ತಾಯಿ ಸಾರಾ ಹಟ ಹಿಡಿದು ಅವರಿಬ್ಬರನ್ನೂ ಮನೆಯಿಂದ ಹೊರಗೆ ಕಳಿಸಿದ್ದಳು. ಯೆಹೂದಿ ಪರಂಪರೆಯಲ್ಲಿ ಆ ಇಬ್ಬರು ಆಳುಗಳು ಬೇರೆ ಯಾರೂ ಅಲ್ಲ, ಒಬ್ಬ ಇಷ್ಮಾಯೇಲ, ಇನ್ನೊಬ್ಬ ಮನೆಯ ಆಳು ಎಲೀಯೆಜರ್ ಅನ್ನುತ್ತಾರೆ. ಈ ಚಿತ್ರಕ್ಕಿಂತ ಆಮೇಲೆ ಬರೆದ ಒಂದು ಗ್ರಂಥದಲ್ಲಿ ಕತ್ತೆಯ ಪಕ್ಕ ನಿಂತ ಅವರಿಬ್ಬರ ಜಗಳವೂ ಇದೆ. ‘ಇನ್ನು ಆಸ್ತಿ ನನ್ನದೇ’ ಅಂತ ಇಷ್ಮಾಯೇಲ. ‘ನಿನ್ನನ್ನು ಆಗಲೇ ಓಡಿಸಿಯಾಗಿದೆ, ನನಗೇ ಬರುತ್ತದೆ’ ಅಂತ ಅವನು. ಬೆಟ್ಟದ ಮೇಲೆ ತಮ್ಮನ ಕುತ್ತಿಗೆಗೆ ಕತ್ತಿ ಬಂದಿದೆ, ಕೆಳಗೆ ಪಾಲಿನ ಮಾತು! ಯಾವ ಊರಿನ ಸಾವಿನ ಮನೆಯಲ್ಲೂ ಕೇಳಬಹುದಾದ ಮಾತೇ.

ಅಲ್ಲೇ ಇನ್ನೊಂದು ಸಂಭಾಷಣೆ ನೆನಪಾಗುತ್ತದೆ. ‘ನಿನ್ನ ಮಗನನ್ನು ಕರೆದುಕೊಂಡು ಹೋಗು’ ಅನ್ನುತ್ತಾನೆ ದೇವರು. ‘ನನಗೆ ಇಬ್ಬರು ಮಕ್ಕಳು’ ಅನ್ನುತ್ತಾನೆ ಅಬ್ರಹಾಮ. ‘ಒಬ್ಬನೇ ಮಗನನ್ನು.’ ‘ಇವನು ಇವನ ತಾಯಿಗೆ ಒಬ್ಬನೇ, ಅವನು ಅವನ ತಾಯಿಗೆ ಒಬ್ಬನೇ.’ ‘ನೀನು ಪ್ರೀತಿಸುವವನನ್ನು.’ ‘ಇಬ್ಬರನ್ನೂ ಪ್ರೀತಿಸುತ್ತೇನೆ.’ ಕೊನೆಗೆ ದೇವರು ಹೆಸರನ್ನೇ ಹೇಳಬೇಕಾಯಿತು, ಇಸಾಕ ಅಂತ. ಇದೂ ತಾಲ್ಮೂದಿನದೇ. ಬೇತ್ ಆಲ್ಫಾದ ನೆಲದಲ್ಲಿ ಒಬ್ಬ ಹುಡುಗನಿಗೆ ಮಾತ್ರ ಹೆಸರು ಬರೆದಿರುವುದನ್ನು ನೋಡುವಾಗಲೆಲ್ಲ ನನಗೆ ಈ ಮಾತುಕತೆ ಕೇಳಿಸುತ್ತದೆ. ಅಂದ ಹಾಗೆ, ಆ ನೆಲ ಹಾಸಿದವರ ಹೆಸರೂ ಅಲ್ಲಿದೆ: ಮರಿಯಾನೋಸ್ ಮತ್ತು ಅವನ ಮಗ ಹನೀನಾ. ಅಪ್ಪ ಮಗ ಎದುರುಬದುರು ಮಂಡಿಯೂರಿ ಕೂತು ಈ ಕಲ್ಲುಗಳನ್ನು ಜೋಡಿಸಿದ್ದಾರೆ.

ಹೊಸ ಕಾಲದವರು ಏನು ಮಾಡಿದರು ಅಂತಲೂ ನೀವು ಕೇಳಬಹುದು. ಒಂದೇ ಉದಾಹರಣೆ ಕೊಡುತ್ತೇನೆ. ಜೆರುಸಲೇಮಿನ ಹದಾಸಾ ಆಸ್ಪತ್ರೆಯ ಮಂದಿರಕ್ಕೆ ಯೆಹೂದಿ ಚಿತ್ರಕಾರ ಮಾರ್ಕ್ ಶಗಾಲ್ ಮಾಡಿಕೊಟ್ಟ ಬಣ್ಣದ ಗಾಜಿನ ಕಿಟಕಿಗಳು. 1962ರಲ್ಲಿ ಕೂರಿಸಿದರು. ಹನ್ನೆರಡು ಮಕ್ಕಳಿಗೆ ಹನ್ನೆರಡು ಕಿಟಕಿ. ಬೈಬಲ್ಲಿನಲ್ಲಿ ಸಾಯುವ ಮುಂಚೆ ಯಾಕೋಬ ಮಕ್ಕಳಿಗೆ ಹೇಳುವ ಮಾತುಗಳು ಒಂದೇ ತೂಕದವಲ್ಲ. ರೂಬೇನನಿಗೆ ‘ನೀರಿನ ಹಾಗೆ ನಿಲ್ಲದವನು’ ಅಂತ ಬೈಗುಳ, ಸಿಮೆಯೋನ ಮತ್ತು ಲೇವಿಯ ಸಿಟ್ಟಿಗೆ ಶಾಪ, ಯೋಸೇಫನಿಗೋ ಬಾಯಿ ತುಂಬ ಹರಕೆ. ಶಗಾಲ್ ಗಾಜಿನ ಅಳತೆಯಲ್ಲಿ ಭೇದ ಮಾಡಲಿಲ್ಲ. ಎಲ್ಲ ಕಿಟಕಿಯೂ ಒಂದೇ ಎತ್ತರ, ಒಂದೇ ಅಗಲ. ಯೋಸೇಫನಿಗೆ ಹೊಂಬಣ್ಣದ ಹಳದಿ ಸಿಕ್ಕಿದೆ, ನಿಜ. ಆದರೆ ಲೇವಿಗೂ ಹಳದಿಯೇ. ಯೆಹೂದನಿಗೆ ಕೆಂಪು, ರೂಬೇನನಿಗೆ ನೀಲಿ. ಮನುಷ್ಯರ ಆಕಾರ ಒಂದೂ ಇಲ್ಲ, ಹಕ್ಕಿ, ಮೀನು, ಪ್ರಾಣಿಗಳೇ ಎಲ್ಲ. ಶಗಾಲ್ ಸ್ವತಃ ಒಂಬತ್ತು ಮಕ್ಕಳಲ್ಲಿ ಮೊದಲನೆಯವನು.

ನಡುವಿನವರಾದ ನಿಮಗೆ ಇನ್ನೊಂದು ಸಂಗತಿ. ಶುಕ್ರವಾರ ಸಂಜೆ ಯೆಹೂದಿ ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಗಂಡುಮಕ್ಕಳಿಗೆ ‘ದೇವರು ನಿನ್ನನ್ನು ಎಫ್ರಾಯೀಮನ ಹಾಗೆ, ಮನಸ್ಸೆಯ ಹಾಗೆ ಮಾಡಲಿ’ ಅನ್ನುತ್ತಾರೆ. ಅಜ್ಜ ಕೈ ಅದಲುಬದಲು ಮಾಡಿದ್ದು ಅವರ ತಲೆಯ ಮೇಲೇ ಅಲ್ವಾ? ಆದರೂ ಮನಸ್ಸೆ ತಮ್ಮನ ಮೇಲೆ ಮುನಿದ ಅಂತ ಎಲ್ಲೂ ಇಲ್ಲ. ಜಗಳವಾಡದ ಮೊದಲ ಅಣ್ಣತಮ್ಮಂದಿರು ಅವರು, ಅದಕ್ಕೇ ಅವರ ಹೆಸರು ಅಂತ ವಿವರಣೆ ಕೊಡುವವರಿದ್ದಾರೆ. ಹೆಣ್ಣುಮಕ್ಕಳಿಗೆ ಹೇಳುವ ನಾಲ್ಕು ಹೆಸರುಗಳಲ್ಲಿ ಕೊನೆಯವು ರಾಹೇಲ, ಲೇಯಾ. ಒಬ್ಬನೇ ಗಂಡನಿಗೆ ಕೊಟ್ಟ ಅಕ್ಕತಂಗಿಯರು. ಆಯುಸ್ಸಿಡೀ ಒಬ್ಬರ ಮೇಲೊಬ್ಬರು ಹೊಟ್ಟೆ ಉರಿದುಕೊಂಡವರು. ಹೆಣ್ಣುಮಕ್ಕಳಿಗೆ ಯಾಕೋ ಜಗಳದ ಹೆಸರುಗಳನ್ನೇ ಇಟ್ಟುಕೊಂಡಿದ್ದಾರೆ.

ಆ ಪುಟಗಳನ್ನು ಮತ್ತೆ ತೆರೆದಾಗ ಬಲಗಡೆಯಿಂದ ಶುರು ಮಾಡಿ. ಹೀಬ್ರೂ ಓದುವುದು ಹಾಗೇ. ಮೇಲಿನ ಬಲ, ಮೇಲಿನ ಎಡ, ಆಮೇಲೆ ಕೆಳಗಿನ ಬಲ, ಕೆಳಗಿನ ಎಡ. ನಮ್ಮ ಅಭ್ಯಾಸದಂತೆ ಎಡದಿಂದ ನೋಡುತ್ತಾ ಹೋದರೆ ಕತೆ ಹಿಂದುಮುಂದಾಗುತ್ತದೆ. ಅದಾದ ಮೇಲೆ ಸಾರಯೇವೋ ಹಗ್ಗಾದಾ ಹುಡುಕಿ ನೋಡಿ. ಅದೂ ಅದೇ ಕ್ಯಾಟಲೋನಿಯಾದ್ದು, ಸುಮಾರು 1350ರದ್ದು. 1894ರಲ್ಲಿ ಬೋಸ್ನಿಯಾದ ಮ್ಯೂಸಿಯಮ್ಮಿಗೆ ಬಂತು. 1942ರಲ್ಲಿ ದೆರ್ವಿಶ್ ಕೊರ್ಕುತ್ ಎಂಬ ಮುಸ್ಲಿಂ ಗ್ರಂಥಪಾಲಕರು ಅದನ್ನು ನಾಜಿಗಳ ಕೈಗೆ ಸಿಗದಂತೆ ಉಳಿಸಿದರು. ಕಾಯಿನ ಎಂಬವನು ತನ್ನ ತಮ್ಮ ಹೇಬೆಲನನ್ನು ಕೊಲ್ಲುವುದರಿಂದ ಹಿಡಿದು ಯೋಸೇಫನವರೆಗೆ ಅಣ್ಣತಮ್ಮಂದಿರ ಜಗಳವೆಲ್ಲ ಅದರಲ್ಲೂ ಇದೆ. ಆ ಪುಸ್ತಕದ ಹಾಳೆಗಳಲ್ಲಿ ಅಲ್ಲಲ್ಲಿ ದ್ರಾಕ್ಷಾರಸದ ಕಲೆಗಳಿವೆ. ಯಾವುದೋ ವರ್ಷದ ಹಬ್ಬದ ರಾತ್ರಿ, ಚಿತ್ರ ನಾನು ಮೊದಲು ನೋಡಬೇಕು, ನಾನು ಮೊದಲು ಅಂತ ಎಳೆದಾಡುವಾಗ ಯಾವುದೋ ಮಗುವಿನ ಕೈ ತಗುಲಿ ಲೋಟ ಉರುಳಿರಬೇಕು.